ಸರ್ವರ್ ರೀಸ್ಟಾರ್ಟ್ ಆದ್ರೂ ನಿಮ್ಮ ಲಾಗಿನ್ ಉಳಿಯೋದು ಹೇಗೆ? ಟಾಮ್‌ಕ್ಯಾಟ್ ಸೆಷನ್ ಫೈಲ್‌ಗಳ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಲಾಗಿದೆ.)

ಇವತ್ತಿನ ವಿಷಯ ಹೆಸರು ಕೇಳಿದ್ರೆ ಸ್ವಲ್ಪ ಒಣ ಅನ್ನಿಸಬಹುದು: ಜಾವಾ ವೆಬ್ ಸರ್ವರ್‌ನಲ್ಲಿ ಸೆಷನ್‌ಗಳನ್ನು ಫೈಲ್‌ಗಳಲ್ಲಿ ಉಳಿಸೋದು. ಆದ್ರೆ ಈ ಒಣ ವಿಷಯ ಒಮ್ಮೆ ನಮ್ಮ ಮನೆ ಬಜೆಟ್‌ಗೇ ಕೈ ಹಾಕಿತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಬಿಕಾಂ ಕೊನೇ ವರ್ಷ. ಒಂದು ಸ್ಕಾಲರ್‌ಶಿಪ್ ಅರ್ಜಿಗೆ ಅವತ್ತೇ ಕೊನೇ ದಿನ. ರಾತ್ರಿ ಹನ್ನೊಂದೂವರೆ. ಐದು ಪುಟದ ಫಾರ್ಮ್, ನಾನು ನಾಲ್ಕನೇ ಪುಟದಲ್ಲಿದ್ದೆ. ಫೋನ್‌ನಲ್ಲೇ ಒಂದೊಂದಾಗಿ ಅಂಕ, ಆದಾಯ, ಬ್ಯಾಂಕ್ ವಿವರ ಎಲ್ಲಾ ತುಂಬಿದ್ದೆ. ನೆಕ್ಸ್ಟ್ ಒತ್ತಿದೆ. "ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ" ಅಂತ ಬಂತು. ನಾನು ಸುಮ್ಮನೆ ಕೂತಿರಲಿಲ್ಲ, ಹಿಂದಿನ ಪುಟ ಕಳಿಸಿ ಐದು ನಿಮಿಷ ಕೂಡ ಆಗಿರಲಿಲ್ಲ. ಮತ್ತೆ ಮೊದಲನೇ ಪುಟದಿಂದ ತುಂಬುವಷ್ಟರಲ್ಲಿ ಹನ್ನೆರಡು ದಾಟಿತ್ತು. ಆ ವರ್ಷದ ಫೀಸನ್ನ ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಕಟ್ಟಿದ್ರು.

ಆಗ ನನಗೆ "ಸೆಷನ್" ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ. ಈಗ ಗೊತ್ತು. ನೀವು ಪ್ರಾಜೆಕ್ಟ್ ಮಾಡ್ತಿರೋ ಸ್ಟೂಡೆಂಟ್ ಆಗಿದ್ರೆ, ಅಥವಾ ಮೊದಲನೇ ಕೆಲಸದಲ್ಲಿ ಯಾರೋ ನಿಮ್ಮ ಕೈಗೆ ಒಂದು ಸರ್ವರ್ ಕೊಟ್ಟಿದ್ರೆ, ಮುಂದಿನ ಹದಿನೈದು ನಿಮಿಷ ನಿಮಗೆ. ಕೋಡ್ ಬರೆಯದೇ ಇರೋರು ಕೂಡ ಇರಿ, ಕೊನೆಯಲ್ಲಿ ನಿಮಗೂ ಕೆಲಸದ ಮಾತಿದೆ.

ತಲೆಯಲ್ಲಿರೋ ಉದ್ರಿ ಲೆಕ್ಕ

ವೆಬ್‌ಗೆ ಹುಟ್ಟಿನಿಂದಲೇ ಮರೆವು. ಎಚ್‌ಟಿಟಿಪಿ ನಿಯಮದ ಪ್ರಕಾರ ನಿಮ್ಮ ಪ್ರತಿ ಕ್ಲಿಕ್ಕೂ ಸರ್ವರ್‌ಗೆ ಹೊಸ ಗಿರಾಕಿ ಬಂದ ಹಾಗೆ. ಎರಡು ಸೆಕೆಂಡ್ ಹಿಂದೆ ಪಾಸ್‌ವರ್ಡ್ ಕೊಟ್ಟಿದ್ದು ನೀವೇ ಅನ್ನೋದು ಅದಕ್ಕೆ ತಾನಾಗಿ ನೆನಪಿರಲ್ಲ. ಅದಕ್ಕೇ ಲಾಗಿನ್ ಆದಾಗ ಸರ್ವರ್ ನಿಮಗೊಂದು ಟೋಕನ್ ಕೊಡುತ್ತೆ. ಜಾವಾ ಸರ್ವರ್‌ಗಳಲ್ಲಿ ಆ ಟೋಕನ್ ಕುಕಿಯ ಹೆಸರು ಸಾಮಾನ್ಯವಾಗಿ ಜೆಸೆಷನ್‌ಐಡಿ. ಟೋಕನ್ ನಂಬರ್ ನಿಮ್ಮ ಬ್ರೌಸರ್‌ನಲ್ಲಿ. ಆ ನಂಬರ್‌ನ ಮುಂದೆ ಬರೆದ ವಿವರ, ಅಂದ್ರೆ ಯಾರು ಲಾಗಿನ್ ಆಗಿದ್ದಾರೆ, ಯಾವ ಪುಟದವರೆಗೆ ತುಂಬಿದ್ದಾರೆ, ಕಾರ್ಟ್‌ನಲ್ಲಿ ಏನಿದೆ, ಅದು ಸರ್ವರ್‌ನಲ್ಲಿ. ಈ ವಿವರಕ್ಕೇ ಸೆಷನ್ ಅನ್ನೋದು.

ನಮ್ಮ ಬೀದಿ ಕಿರಾಣಿ ಅಂಗಡಿ ನೆನಪಿಸ್ಕೊಳ್ಳಿ. ಕೆಲವು ಅಂಗಡಿಯವರು ಉದ್ರಿ ಲೆಕ್ಕ ಪೂರ್ತಿ ತಲೆಯಲ್ಲೇ ಇಟ್ಕೊಂಡಿರ್ತಾರೆ. ಕೇಳಿದ ತಕ್ಷಣ ಹೇಳ್ತಾರೆ, ಪುಸ್ತಕ ತೆಗೆಯೋ ರಗಳೆಯೇ ಇಲ್ಲ. ಆದ್ರೆ ಅವರು ಒಂದು ದಿನ ಹುಷಾರು ತಪ್ಪಿ ಮಗನನ್ನ ಕೂರಿಸಿದ್ರೆ? ಇಡೀ ಲೆಕ್ಕ ಮಾಯ. ಸರ್ವರ್ ಕೂಡ ಹೀಗೇ. ಸೆಷನ್‌ಗಳು ಸಾಮಾನ್ಯವಾಗಿ ಮೆಮೊರಿಯಲ್ಲಿ, ಅಂದ್ರೆ ರ‍್ಯಾಮ್‌ನಲ್ಲಿ ಇರ್ತವೆ. ಪ್ರೋಗ್ರಾಂ ನಿಂತ ಕ್ಷಣ ರ‍್ಯಾಮ್ ಖಾಲಿ. ಟೋಕನ್ ನಿಮ್ಮ ಕೈಯಲ್ಲೇ ಇದೆ, ಅಂಗಡಿಯಲ್ಲಿ ಲೆಕ್ಕ ಮಾತ್ರ ಇಲ್ಲ.

ಟಾಮ್‌ಕ್ಯಾಟ್ ತಾನಾಗಿ ಏನು ಮಾಡುತ್ತೆ?

ಇವತ್ತು ಉದಾಹರಣೆಗೆ ಅಪಾಚೆ ಟಾಮ್‌ಕ್ಯಾಟ್ ತಗೊಳ್ತೀನಿ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1999ರಲ್ಲಿ ಇದರ ಕೋಡನ್ನ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್‌ಗೆ ಕೊಟ್ಟಿತು. ಅವತ್ತಿಂದ ಅದು ಓಪನ್ ಸೋರ್ಸ್. ಕಾಲೇಜ್ ಪ್ರಾಜೆಕ್ಟ್‌ನಲ್ಲಿ ನೀವು ಸ್ಪ್ರಿಂಗ್ ಬೂಟ್ ಬಳಸಿ ವೆಬ್ ಆ್ಯಪ್ ಮಾಡಿದ್ರೆ, ನಿಮಗೆ ಗೊತ್ತಿಲ್ಲದೇನೇ ಒಳಗೆ ಟಾಮ್‌ಕ್ಯಾಟ್ ಓಡ್ತಾ ಇರೋ ಸಾಧ್ಯತೆ ಹೆಚ್ಚು.

ಟಾಮ್‌ಕ್ಯಾಟ್‌ನಲ್ಲಿ ಸೆಷನ್‌ಗಳನ್ನ ನೋಡ್ಕೊಳ್ಳೋ ಭಾಗಕ್ಕೆ ಮ್ಯಾನೇಜರ್ ಅಂತಾರೆ. ನೀವು ಏನೂ ಹೇಳದಿದ್ರೆ ಸಿಗೋದು ಸ್ಟ್ಯಾಂಡರ್ಡ್ ಮ್ಯಾನೇಜರ್. ಅದು ಸೆಷನ್‌ಗಳನ್ನ ಮೆಮೊರಿಯಲ್ಲಿ ಇಡುತ್ತೆ. ಬಳಕೆದಾರ 30 ನಿಮಿಷ ಸುಮ್ಮನಿದ್ರೆ ಸೆಷನ್ ಮುಗಿಸುತ್ತೆ. ಈ 30 ನಿಮಿಷ ಅನ್ನೋದು ಟಾಮ್‌ಕ್ಯಾಟ್‌ನ ಡೀಫಾಲ್ಟ್, ಬೇಕಾದ್ರೆ ಬದಲಾಯಿಸಬಹುದು.

ಟಾಮ್‌ಕ್ಯಾಟ್ 9ರಲ್ಲಿ ಸ್ಟ್ಯಾಂಡರ್ಡ್ ಮ್ಯಾನೇಜರ್ ಇನ್ನೊಂದು ಉಪಕಾರ ಮಾಡುತ್ತೆ. ಸರ್ವರ್‌ನ ಸರಿಯಾದ ರೀತಿಯಲ್ಲಿ ನಿಲ್ಲಿಸಿದ್ರೆ, ಎಲ್ಲಾ ಸೆಷನ್‌ಗಳನ್ನ ಒಂದೇ ಫೈಲ್‌ಗೆ ಬರೆದಿಟ್ಟು, ಮತ್ತೆ ಶುರುವಾದಾಗ ಓದ್ಕೊಳ್ಳುತ್ತೆ. ಟಾಮ್‌ಕ್ಯಾಟ್ 10.1ರಿಂದ ಈ ಸೌಲಭ್ಯ ಡೀಫಾಲ್ಟ್ ಆಗಿ ಆಫ್. ಹಳೇ ಸರ್ವರ್‌ನಿಂದ ಹೊಸದಕ್ಕೆ ಬಂದ ಮೇಲೆ "ಮೊದಲು ರೀಸ್ಟಾರ್ಟ್ ಮಾಡಿದ್ರೂ ಲಾಗಿನ್ ಉಳೀತಿತ್ತು, ಈಗ ಉಳೀತಿಲ್ಲ" ಅಂತ ತಲೆ ಕೆರ್ಕೊಳ್ತಿದ್ರೆ, ಮೊದಲು ಇದನ್ನ ನೋಡಿ.

"ಸರಿಯಾದ ರೀತಿಯಲ್ಲಿ ನಿಲ್ಲಿಸಿದ್ರೆ" ಅಂದೆ ಅಲ್ವಾ, ತೊಂದರೆ ಅಲ್ಲೇ ಇರೋದು. ಅಂಗಡಿಯವರು ರಾತ್ರಿ ಬಾಗಿಲು ಹಾಕೋ ಮುಂಚೆ ತಲೆಯಲ್ಲಿರೋದನ್ನೆಲ್ಲ ಪುಸ್ತಕಕ್ಕೆ ಇಳಿಸ್ತಾರೆ ಅಂತಿಟ್ಕೊಳ್ಳಿ. ಮಧ್ಯಾಹ್ನವೇ ಏನಾದ್ರೂ ಆದ್ರೆ ಪುಸ್ತಕದಲ್ಲಿ ಅವತ್ತಿನ ಒಂದು ಸಾಲೂ ಇರಲ್ಲ. ಕರೆಂಟ್ ಹೋಯ್ತು, ಮೆಮೊರಿ ತುಂಬಿ ಪ್ರೋಗ್ರಾಂ ಸತ್ತಿತು, ಯಾರೋ ಕಿಲ್ ಮೈನಸ್ 9 ಕೊಟ್ರು: ಇದ್ಯಾವುದಕ್ಕೂ ಬಾಗಿಲು ಹಾಕೋ ಹೊತ್ತಿನ ಲೆಕ್ಕ ಸಹಾಯ ಮಾಡಲ್ಲ. ಸ್ಪ್ರಿಂಗ್ ಬೂಟ್‌ನಲ್ಲಿ ಸೆಷನ್ ಪರ್ಸಿಸ್ಟೆಂಟ್ ಅಂತ ಒಂದು ಸೆಟ್ಟಿಂಗ್ ಇದೆ, ಅದೂ ಟಾಮ್‌ಕ್ಯಾಟ್ ಜೊತೆ ಹೀಗೇ ಬಾಗಿಲು ಹಾಕುವಾಗ ಬರೆಯೋ ಬಗೆಯದ್ದೇ.

ಆವಾಗಾವಾಗ ಬರೆಯೋ ಪುಸ್ತಕ

ಕಾಮರ್ಸ್ ಓದಿದೋರಿಗೆ ಡೇ ಬುಕ್ ಗೊತ್ತು. ವ್ಯವಹಾರ ಆದ ಹಾಗೆ ಬರೀತಾ ಹೋಗೋದು. ಟಾಮ್‌ಕ್ಯಾಟ್‌ನಲ್ಲಿ ಇದಕ್ಕೆ ಹತ್ತಿರವಾದದ್ದು ಪರ್ಸಿಸ್ಟೆಂಟ್ ಮ್ಯಾನೇಜರ್. ಅದರ ಜೊತೆ ಒಂದು ಸ್ಟೋರ್ ಬೇಕು, ಅಂದ್ರೆ ಎಲ್ಲಿ ಬರೀಬೇಕು ಅನ್ನೋ ಜಾಗ. ಡೇಟಾಬೇಸ್‌ನಲ್ಲಿ ಬರೆಯೋ ಸ್ಟೋರ್ ಕೂಡ ಇದೆ. ನಾವು ಇವತ್ತು ಮಾತಾಡ್ತಿರೋದು ಫೈಲ್ ಸ್ಟೋರ್. ಇದು ಪ್ರತಿ ಸೆಷನ್‌ಗೂ ಒಂದೊಂದು ಫೈಲ್ ಮಾಡುತ್ತೆ.

ಇದು ಆಡಿಯೋ ಆದ್ದರಿಂದ ಕೋಡನ್ನ ಅಕ್ಷರ ಅಕ್ಷರ ಓದಲ್ಲ, ಹೆಸರುಗಳನ್ನ ಹೇಳ್ತೀನಿ. ಟಾಮ್‌ಕ್ಯಾಟ್ ಡಾಕ್ಯುಮೆಂಟೇಶನ್‌ನಲ್ಲಿ "ಮ್ಯಾನೇಜರ್" ಪುಟ ತೆರೆದ್ರೆ ಇದೇ ಹೆಸರುಗಳು ಸಿಗ್ತವೆ.

ಮೊದಲನೇದು, ಎಲ್ಲಿ ಬರೀಬೇಕು. ನಿಮ್ಮ ಆ್ಯಪ್‌ನ ಕಾಂಟೆಕ್ಸ್ಟ್ ಡಾಟ್ ಎಕ್ಸ್‌ಎಂಎಲ್ ಫೈಲ್‌ನಲ್ಲಿ, ಕಾಂಟೆಕ್ಸ್ಟ್ ಟ್ಯಾಗ್ ಒಳಗೆ ಮ್ಯಾನೇಜರ್ ಟ್ಯಾಗ್, ಅದರೊಳಗೆ ಸ್ಟೋರ್ ಟ್ಯಾಗ್. ಮ್ಯಾನೇಜರ್‌ನ ಕ್ಲಾಸ್ ನೇಮ್ ಪರ್ಸಿಸ್ಟೆಂಟ್ ಮ್ಯಾನೇಜರ್, ಸ್ಟೋರ್‌ನದ್ದು ಫೈಲ್ ಸ್ಟೋರ್; ಎರಡೂ ಆರ್ಗ್ ಡಾಟ್ ಅಪಾಚೆ ಡಾಟ್ ಕ್ಯಾಟಲಿನಾ ಡಾಟ್ ಸೆಷನ್ ಅನ್ನೋ ಪ್ಯಾಕೇಜ್‌ನಲ್ಲಿವೆ. ಇಡೀ ಸರ್ವರ್‌ಗೆ ಅನ್ವಯಿಸೋ ಕಾನ್ಫ್ ಫೋಲ್ಡರ್‌ನ ಕಾಂಟೆಕ್ಸ್ಟ್ ಫೈಲ್‌ನಲ್ಲಿ ಇದನ್ನ ಹಾಕಬೇಡಿ. ಹಾಕಿದ್ರೆ ಆ ಸರ್ವರ್‌ನಲ್ಲಿರೋ ಎಲ್ಲಾ ಆ್ಯಪ್‌ಗಳೂ ಒಂದೇ ಫೋಲ್ಡರ್‌ಗೆ ಬರೆಯೋಕೆ ಹೋಗ್ತವೆ.

ಎರಡನೇದು, ಸ್ಟೋರ್‌ನ ಡೈರೆಕ್ಟರಿ. ಇದನ್ನ ಖಾಲಿ ಬಿಟ್ರೆ ಟಾಮ್‌ಕ್ಯಾಟ್ ಆ ಆ್ಯಪ್‌ನ ವರ್ಕ್ ಫೋಲ್ಡರ್ ಬಳಸುತ್ತೆ. ಏನಾದ್ರೂ ಕೆಟ್ಟಾಗ "ವರ್ಕ್ ಫೋಲ್ಡರ್ ಡಿಲೀಟ್ ಮಾಡಿ ನೋಡು" ಅನ್ನೋದು ಎಲ್ಲಾ ಆಫೀಸ್‌ಗಳಲ್ಲೂ ಮೊದಲ ಸಲಹೆ. ಅದರ ಜೊತೆ ಸೆಷನ್‌ಗಳೂ ಹೋಗ್ತವೆ. ಹಾಗಾಗಿ ಸೆಷನ್‌ಗೇ ಅಂತ ಬೇರೆ ಫೋಲ್ಡರ್ ಮಾಡಿ, ಪೂರ್ತಿ ವಿಳಾಸ ಕೊಡಿ. ಇದಕ್ಕೆ ಇನ್ನೂ ದೊಡ್ಡ ಕಾರಣ ಇದೆ, ಸ್ವಲ್ಪ ಹೊತ್ತಲ್ಲಿ ಬರ್ತೀನಿ.

ಮೂರನೇದು, ಸೇವ್ ಆನ್ ರೀಸ್ಟಾರ್ಟ್. ಇದು ಮೊದಲೇ ಆನ್ ಇರುತ್ತೆ. ಸರ್ವರ್‌ನ ಸರಿಯಾಗಿ ನಿಲ್ಲಿಸಿದಾಗ ಎಲ್ಲಾ ಸೆಷನ್‌ಗಳೂ ಸ್ಟೋರ್‌ಗೆ ಹೋಗ್ತವೆ.

ನಾಲ್ಕನೇದು, ತುಂಬಾ ಜನ ಎಡವೋ ಜಾಗ: ಮ್ಯಾಕ್ಸ್ ಐಡಲ್ ಬ್ಯಾಕಪ್. ಬಳಕೆದಾರ ಕೊನೇ ಕ್ಲಿಕ್ ಮಾಡಿ ಎಷ್ಟು ಸೆಕೆಂಡ್ ಆದ ಮೇಲೆ ಆ ಸೆಷನ್‌ನ ಒಂದು ಕಾಪಿ ಡಿಸ್ಕ್‌ಗೆ ಬರೀಬಹುದು ಅನ್ನೋ ಲೆಕ್ಕ ಇದು. ಇದರ ಡೀಫಾಲ್ಟ್ ಮೈನಸ್ 1, ಅಂದ್ರೆ ಆಫ್. ಪರ್ಸಿಸ್ಟೆಂಟ್ ಮ್ಯಾನೇಜರ್ ಹಾಕಿ, ಫೈಲ್ ಸ್ಟೋರ್ ಹಾಕಿ, ಇದೊಂದನ್ನ ಮರೆತ್ರೆ, ಮತ್ತೆ ರಾತ್ರಿ ಬಾಗಿಲು ಹಾಕುವಾಗ ಬರೆಯೋ ಅಂಗಡಿಗೇ ವಾಪಸ್ ಬಂದ ಹಾಗೆ. ಹೆಸರಿನಲ್ಲಿ ಪರ್ಸಿಸ್ಟೆಂಟ್ ಇದೆ, ಕ್ರ್ಯಾಶ್ ಆದ್ರೆ ಏನೂ ಉಳಿಯಲ್ಲ.

ಐದನೇದು, ಮ್ಯಾಕ್ಸ್ ಐಡಲ್ ಸ್ವಾಪ್. ಬ್ಯಾಕಪ್ ಅಂದ್ರೆ ಕಾಪಿ ಮಾಡೋದು, ಸೆಷನ್ ಮೆಮೊರಿಯಲ್ಲೂ ಇರುತ್ತೆ. ಸ್ವಾಪ್ ಅಂದ್ರೆ ಡಿಸ್ಕ್‌ಗೆ ಬರೆದು ಮೆಮೊರಿಯಿಂದ ತೆಗೆಯೋದು. ಬಳಕೆದಾರ ವಾಪಸ್ ಬಂದಾಗ ಮತ್ತೆ ಓದ್ಕೊಳ್ಳೋದು. ರ‍್ಯಾಮ್ ಕಡಿಮೆ ಇರೋ ಸರ್ವರ್‌ಗೆ ಇದು ಉಪಯೋಗ. ಎರಡನ್ನೂ ಬಳಸೋದಾದ್ರೆ ಸ್ವಾಪ್ ಸಮಯ ಬ್ಯಾಕಪ್ ಸಮಯಕ್ಕಿಂತ ಜಾಸ್ತಿ ಇರಬೇಕು, ಸೆಷನ್ ಮುಗಿಯೋ ಸಮಯಕ್ಕಿಂತ ಕಡಿಮೆ ಇರಬೇಕು.

ಆರನೇದು, ಆಕ್ಟಿವಿಟಿ ಚೆಕ್. ಒಂದು ರಿಕ್ವೆಸ್ಟ್ ಇನ್ನೂ ನಡೀತಿರುವಾಗ ಅದರ ಸೆಷನ್ ಕೆಳಗಿಂದ ಎಳೆದುಹೋಗದ ಹಾಗೆ ಇದು ನೋಡ್ಕೊಳ್ಳುತ್ತೆ. ಪರ್ಸಿಸ್ಟೆಂಟ್ ಮ್ಯಾನೇಜರ್ ಸರಿಯಾಗಿ ಕೆಲಸ ಮಾಡೋಕೆ ಇದು ಆನ್ ಇರಲೇಬೇಕು ಅಂತ ಡಾಕ್ಯುಮೆಂಟೇಶನ್ ಹೇಳುತ್ತೆ.

60 ಸೆಕೆಂಡ್ ಅಂದ್ರೆ ನಿಜವಾಗಿ ಎಷ್ಟು?

ಮ್ಯಾಕ್ಸ್ ಐಡಲ್ ಬ್ಯಾಕಪ್‌ಗೆ 60 ಅಂತ ಕೊಟ್ರಿ ಅಂದ್ಕೊಳ್ಳಿ. 61ನೇ ಸೆಕೆಂಡಿಗೆ ಫೈಲ್ ರೆಡಿ ಇರುತ್ತಾ? ಇಲ್ಲ.

ಟಾಮ್‌ಕ್ಯಾಟ್‌ನಲ್ಲಿ ಹಿನ್ನೆಲೆ ಕೆಲಸಗಾರ ಒಬ್ಬ ಇದ್ದಾನೆ, ಡೀಫಾಲ್ಟ್ ಆಗಿ 10 ಸೆಕೆಂಡಿಗೊಮ್ಮೆ ಎದ್ದೇಳ್ತಾನೆ. ಆದ್ರೆ ಸೆಷನ್ ಕಡೆ ನೋಡೋದು ಆರು ಸಲ ಎದ್ದಾಗ ಒಂದು ಸಲ. 10 ಗುಣಿಸು 6, ಅಂದ್ರೆ ಸುಮಾರು 60 ಸೆಕೆಂಡಿಗೊಂದು ಸುತ್ತು. ನಿಮ್ಮ ಸೆಷನ್ ಅರ್ಹ ಆಗೋಕೆ 60, ಅವನ ಸುತ್ತು ಬರೋಕೆ ಇನ್ನೊಂದು 60 ತನಕ. ಒಟ್ಟು ಹೆಚ್ಚು ಕಡಿಮೆ ಎರಡು ನಿಮಿಷದವರೆಗೆ ಹೋಗಬಹುದು.

ಇನ್ನೊಂದು ಸೂಕ್ಷ್ಮ. 20 ಸೆಕೆಂಡಿಗೊಮ್ಮೆ ಕ್ಲಿಕ್ ಮಾಡ್ತಾನೇ ಇರೋರು "ಸುಮ್ಮನಿರೋರು" ಆಗೋದೇ ಇಲ್ಲ, ಅವರ ಸೆಷನ್ ಬರೆಯೋ ಸರದಿಯೂ ಬರಲ್ಲ. ಬ್ಯಾಕಪ್ ಸಮಯ ಕಡಿಮೆ ಮಾಡಿದಷ್ಟೂ ಈ ಕಂದಕ ಚಿಕ್ಕದಾಗುತ್ತೆ, ಡಿಸ್ಕ್ ಕೆಲಸ ಜಾಸ್ತಿ ಆಗುತ್ತೆ. ಆದ್ರೆ ಸೊನ್ನೆ ಆಗಲ್ಲ. ಹಾಗಾಗಿ ನನ್ನ ಅಭಿಪ್ರಾಯ ನೇರ: ಅರ್ಜಿಯ ಮೂರು ಪುಟದ ಉತ್ತರಗಳನ್ನ ಸೆಷನ್‌ನಲ್ಲಿ ಇಡಲೇಬೇಡಿ. ಪ್ರತಿ ಪುಟಕ್ಕೂ ಡ್ರಾಫ್ಟ್ ಅಂತ ಡೇಟಾಬೇಸ್‌ಗೆ ಬರೀರಿ. ಸೆಷನ್ ಇರೋದು "ಇವರು ಯಾರು" ಅನ್ನೋದಕ್ಕೆ. ಅವತ್ತು ರಾತ್ರಿ ನನ್ನ ಮೂರು ಪುಟ ಡ್ರಾಫ್ಟ್ ಆಗಿ ಉಳಿದಿದ್ರೆ, ಮತ್ತೆ ಲಾಗಿನ್ ಆಗೋಕೆ ಅರ್ಧ ನಿಮಿಷ ಸಾಕಿತ್ತು.

ಎಲ್ಲಾನೂ ಫೈಲ್‌ಗೆ ಹೋಗಲ್ಲ

ಸೆಷನ್‌ನಲ್ಲಿರೋ ಜಾವಾ ಆಬ್ಜೆಕ್ಟ್‌ಗಳು ಡಿಸ್ಕ್‌ಗೆ ಹೋಗಬೇಕಾದ್ರೆ ಸೀರಿಯಲೈಸ್ ಆಗಬೇಕು, ಅಂದ್ರೆ ಬೈಟ್‌ಗಳ ಸಾಲಾಗಿ ಬದಲಾಗಬೇಕು. ಅದಕ್ಕೆ ಆ ಕ್ಲಾಸ್ ಸೀರಿಯಲೈಸಬಲ್ ಅನ್ನೋ ಇಂಟರ್‌ಫೇಸ್ ಹೊಂದಿರಬೇಕು. ಹೆಸರು, ನಂಬರ್ ಇಂಥದ್ದಕ್ಕೆ ತೊಂದರೆ ಇಲ್ಲ. ನೀವೇ ಬರೆದ ಕ್ಲಾಸ್‌ಗೆ ಅದನ್ನ ಸೇರಿಸದಿದ್ರೆ ಆ ಭಾಗ ಫೈಲ್‌ಗೆ ಬರಲ್ಲ. ಸೆಷನ್ ವಾಪಸ್ ಬರುತ್ತೆ, ಆದ್ರೆ ಕಾರ್ಟ್ ಖಾಲಿ. ಈ ಬಗ್ ಹುಡುಕೋದು ಬಹಳ ಕಷ್ಟ.

ಹೊಸ ವರ್ಷನ್ ಹಾಕುವಾಗಲೂ ಎಚ್ಚರ. ಕ್ಲಾಸ್ ಬದಲಾಗಿದ್ರೆ, ಹಳೇ ಫೈಲ್‌ನಲ್ಲಿರೋ ಆಬ್ಜೆಕ್ಟ್ ಹೊಸ ಕೋಡ್‌ಗೆ ಅರ್ಥವಾಗದೇ ಇರಬಹುದು. ಹಾಗೇ, ಲಾಗಿನ್ ಕೆಲಸವನ್ನ ಟಾಮ್‌ಕ್ಯಾಟ್‌ಗೇ ಬಿಟ್ಟಿದ್ರೆ, ಹೊಸ ವರ್ಷನ್‌ಗಳಲ್ಲಿ ಪರ್ಸಿಸ್ಟ್ ಆಥೆಂಟಿಕೇಶನ್ ಅನ್ನೋ ಆಯ್ಕೆ ನೋಡಿ. ಅದು ಮೊದಲೇ ಆಫ್ ಇರುತ್ತೆ.

ಪುಸ್ತಕ ಕೌಂಟರ್ ಮೇಲೇ ಬಿಟ್ರೆ?

ಈಗ ಇವತ್ತಿನ ಮುಖ್ಯ ಮಾತಿಗೆ ಬರ್ತೀನಿ. ಸೆಷನ್ ಉಳಿಸೋದು ಅಂದ್ರೆ ಬರೀ ನೆನಪು ಉಳಿಸೋದಲ್ಲ, ಕೀಲಿ ಉಳಿಸೋದು.

ಫೈಲ್ ಸ್ಟೋರ್ ಮಾಡೋ ಫೈಲ್‌ನ ಹೆಸರೇನು ಗೊತ್ತಾ? ಸೆಷನ್ ಐಡಿ, ಆಮೇಲೆ ಡಾಟ್ ಸೆಷನ್. ಅಂದ್ರೆ ಫೈಲ್ ತೆರೆಯೋದೂ ಬೇಡ, ಆ ಫೋಲ್ಡರ್‌ನ ಪಟ್ಟಿ ನೋಡಿದ್ರೆ ಸಾಕು, ಈಗ ಲಾಗಿನ್ ಆಗಿರೋ ಜನರ ಟೋಕನ್ ನಂಬರ್‌ಗಳು ಕಣ್ಣ ಮುಂದೆ. ಒಂದನ್ನ ಕಾಪಿ ಮಾಡಿ ತನ್ನ ಬ್ರೌಸರ್‌ನ ಕುಕಿಗೆ ಹಾಕಿದ್ರೆ, ಸರ್ವರ್ ದೃಷ್ಟಿಯಲ್ಲಿ ಅವನೇ ನೀವು. ಪಾಸ್‌ವರ್ಡ್ ಬೇಡ, ಒಟಿಪಿ ಬೇಡ. ಫೈಲ್ ಒಳಗಿರೋ ಮಾಹಿತಿಗೂ ಬೀಗ ಇಲ್ಲ, ಅದು ಎನ್‌ಕ್ರಿಪ್ಟ್ ಆಗಿರಲ್ಲ.

ಇದಕ್ಕಿಂತ ದೊಡ್ಡ ಅಪಾಯ ಉಲ್ಟಾ ದಿಕ್ಕಿನಿಂದ ಬರುತ್ತೆ: ಬೇರೆಯವರು ಬರೆದ ಫೈಲನ್ನ ಸರ್ವರ್ ಸೆಷನ್ ಅಂತ ನಂಬಿ ಓದೋದು. ಜಾವಾದಲ್ಲಿ ಕೆಟ್ಟ ಉದ್ದೇಶದಿಂದ ಮಾಡಿದ ಸೀರಿಯಲೈಸ್ಡ್ ಫೈಲ್ ಓದಿದ್ರೆ, ಅದರ ಜೊತೆ ಅಪಾಯಕಾರಿ ಕೋಡೂ ಓಡಬಹುದು. ಇದು ಊಹೆ ಅಲ್ಲ. 2020ರ ಮೇ ತಿಂಗಳಲ್ಲಿ ಸಿವಿಇ-2020-9484 ಅನ್ನೋ ಲೋಪ ಹೊರಬಂತು. ಪರ್ಸಿಸ್ಟೆಂಟ್ ಮ್ಯಾನೇಜರ್ ಜೊತೆ ಫೈಲ್ ಸ್ಟೋರ್ ಇದ್ದು, ದಾಳಿಕೋರ ಸರ್ವರ್‌ನಲ್ಲಿ ಎಲ್ಲೋ ಒಂದು ಕಡೆ ತನ್ನ ಫೈಲ್ ಇಡಬಲ್ಲವನಾಗಿದ್ರೆ, ಸೆಷನ್ ಐಡಿ ಜಾಗದಲ್ಲಿ ಆ ಫೈಲ್‌ನ ದಾರಿ ಬರೆದು ಓದಿಸಬಹುದಿತ್ತು. 9.0.35, 8.5.55, 7.0.104 ವರ್ಷನ್‌ಗಳಲ್ಲಿ ಇದಕ್ಕೆ ತೇಪೆ ಬಂತು.

2025ರ ಮಾರ್ಚ್‌ನಲ್ಲಿ ಇನ್ನೊಂದು, ಸಿವಿಇ-2025-24813. ಇದರಲ್ಲಿ ಕೋಡ್ ಓಡಿಸೋಕೆ ಹಲವು ಷರತ್ತು ಸೇರಬೇಕಿತ್ತು: ಡೀಫಾಲ್ಟ್ ಸರ್ವ್‌ಲೆಟ್‌ಗೆ ಬರೆಯೋ ಅನುಮತಿ ಕೊಟ್ಟಿರಬೇಕು, ಪಾರ್ಶಿಯಲ್ ಪುಟ್ ಆನ್ ಇರಬೇಕು, ದುರುಪಯೋಗಕ್ಕೆ ಸಿಗೋ ಲೈಬ್ರರಿ ಆ್ಯಪ್‌ನಲ್ಲಿರಬೇಕು, ಮತ್ತು ಫೈಲ್ ಸೆಷನ್‌ಗಳು ಡೀಫಾಲ್ಟ್ ಜಾಗದಲ್ಲೇ ಇರಬೇಕು. ಕೊನೇದನ್ನ ಗಮನಿಸಿದ್ರಾ? ಆಗ ಡೈರೆಕ್ಟರಿ ಖಾಲಿ ಬಿಡಬೇಡಿ ಅಂದಿದ್ದು ಇದಕ್ಕೇ. 11.0.3, 10.1.35, 9.0.99ರಲ್ಲಿ ಇದು ಸರಿಯಾಯ್ತು. ಆದ್ರೂ ನಿಜವಾದ ದಾಳಿಗಳು ಶುರುವಾದ್ವು. ಏಪ್ರಿಲ್ 1ಕ್ಕೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ, ದಾಳಿಗೆ ಬಳಕೆಯಾಗ್ತಿರೋ ಲೋಪಗಳ ತನ್ನ ಪಟ್ಟಿಗೆ ಇದನ್ನೂ ಸೇರಿಸಿತು.

ಹಾಗಾದ್ರೆ ಏನು ಮಾಡ್ಬೇಕು? ಟಾಮ್‌ಕ್ಯಾಟ್ ಅಪ್‌ಡೇಟ್ ಇರಲಿ. ಸೆಷನ್ ಫೋಲ್ಡರ್ ವೆಬ್ ಆ್ಯಪ್ ಫೋಲ್ಡರ್‌ನಿಂದ, ಜನ ಫೋಟೋ, ಪಿಡಿಎಫ್ ಅಪ್‌ಲೋಡ್ ಮಾಡೋ ಫೋಲ್ಡರ್‌ನಿಂದ ದೂರ ಇರಲಿ. ಲಿನಕ್ಸ್‌ನಲ್ಲಿ ಅದರ ಮಾಲೀಕ ಟಾಮ್‌ಕ್ಯಾಟ್ ಓಡಿಸೋ ಯೂಸರ್ ಮಾತ್ರ ಆಗಿರಲಿ, ಪರ್ಮಿಷನ್ 700 ಇರಲಿ. ದಿನದ ಬ್ಯಾಕಪ್‌ನಿಂದ ಆ ಫೋಲ್ಡರನ್ನ ಹೊರಗಿಡಿ, ಇಲ್ಲಾಂದ್ರೆ ಕೀಲಿಗಳ ಕಾಪಿ ಹತ್ತು ಕಡೆ ಹೋಗುತ್ತೆ. ಮತ್ತೆ ಸೆಷನ್ ಆಟ್ರಿಬ್ಯೂಟ್ ವ್ಯಾಲ್ಯೂ ಕ್ಲಾಸ್ ನೇಮ್ ಫಿಲ್ಟರ್ ಅಂತ ಉದ್ದ ಹೆಸರಿನ ಒಂದು ಆಯ್ಕೆ ಇದೆ. ಯಾವ ಯಾವ ಕ್ಲಾಸ್‌ಗಳನ್ನ ಮಾತ್ರ ಫೈಲ್‌ನಿಂದ ಓದಬಹುದು ಅಂತ ಅದರಲ್ಲಿ ಪಟ್ಟಿ ಕೊಡಬಹುದು. ನಿಮ್ಮ ಸೆಷನ್‌ನಲ್ಲಿ ಬರೀ ಬಳಕೆದಾರರ ಐಡಿ ಇದ್ರೆ ಆ ಪಟ್ಟಿ ಒಂದೇ ಸಾಲು.

ಹಾಕಿದ ಮೇಲೆ ಸಾಯಿಸಿ ನೋಡಿ

ಸೆಟ್ಟಿಂಗ್ ಬರೆದು "ಆಯ್ತು" ಅಂದ್ಕೊಂಡು ಮನೆಗೆ ಹೋಗಬೇಡಿ. ಟೆಸ್ಟ್ ಸರ್ವರ್‌ನಲ್ಲಿ ಲಾಗಿನ್ ಆಗಿ. ಮೂರು ನಿಮಿಷ ಸುಮ್ಮನಿರಿ, ಟೀ ಕುಡೀರಿ. ಫೋಲ್ಡರ್‌ನಲ್ಲಿ ಫೈಲ್ ಬಂತಾ ನೋಡಿ. ಈಗ ಕಿಲ್ ಮೈನಸ್ 9 ಕೊಟ್ಟು ಟಾಮ್‌ಕ್ಯಾಟನ್ನ ಸಾಯಿಸಿ, ಮತ್ತೆ ಶುರು ಮಾಡಿ, ಅದೇ ಬ್ರೌಸರ್‌ನಲ್ಲಿ ರಿಫ್ರೆಶ್ ಮಾಡಿ. ಲಾಗಿನ್ ಉಳಿದಿದ್ರೆ ಪಾಸ್. ಆಮೇಲೆ ಲಾಗ್‌ಔಟ್ ಮಾಡಿ, ಆ ಫೈಲ್ ಅಳಿಸಿಹೋಯ್ತಾ ಅಂತಲೂ ನೋಡಿ. ಲಾಗ್‌ಔಟ್ ಬಟನ್ ಬರೀ ಕುಕಿ ಅಳಿಸಿ, ಸರ್ವರ್‌ನಲ್ಲಿ ಸೆಷನ್ ರದ್ದು ಮಾಡದೇ ಇದ್ರೆ ಫೈಲ್ ಅಲ್ಲೇ ಬಿದ್ದಿರುತ್ತೆ.

ಇದು ಎಲ್ಲರಿಗೂ ಸರಿಯಾ? ಒಂದೇ ಸರ್ವರ್, ಮಿತವಾದ ಬಳಕೆದಾರರು ಅಂದ್ರೆ ಖಂಡಿತ. ನಾಲ್ಕು ಸರ್ವರ್‌ಗಳ ಮಧ್ಯೆ ಜನರನ್ನ ಹಂಚೋ ಕಡೆ ಬೇಡ. ಒಂದು ಸರ್ವರ್ ಮೆಮೊರಿಯಲ್ಲಿ ಹೊಸ ಲೆಕ್ಕ, ಡಿಸ್ಕ್‌ನಲ್ಲಿ ಎರಡು ನಿಮಿಷ ಹಳೇ ಲೆಕ್ಕ, ಇನ್ನೊಂದು ಸರ್ವರ್ ಓದೋದು ಹಳೇದನ್ನ. ಅಲ್ಲಿ ಡೇಟಾಬೇಸ್, ರೆಡಿಸ್ ಥರದ ಹಂಚಿಕೆಯ ಜಾಗವೇ ಸರಿ.

ಕೋಡ್ ಬರೆಯದ ಸ್ನೇಹಿತರಿಗೆ ಎರಡೇ ಮಾತು. ಒಂದು, ಸೈಬರ್ ಸೆಂಟರ್‌ನಲ್ಲಿ, ಬೇರೆಯವರ ಫೋನ್‌ನಲ್ಲಿ ಕೆಲಸ ಮುಗಿದ ಮೇಲೆ ಟ್ಯಾಬ್ ಮುಚ್ಚಿದ್ರೆ ಸಾಲದು, ಲಾಗ್‌ಔಟ್ ಒತ್ತಿ. ನೀವು ಹೋದ ಮೇಲೂ ಕೀಲಿ ಸರ್ವರ್‌ನಲ್ಲಿ ಜೀವಂತ ಇರುತ್ತೆ. ಎರಡು, ಯಾವುದಾದ್ರೂ ಲಿಂಕ್ ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕೋ ಮುಂಚೆ ಅದರ ಕೊನೆ ನೋಡಿ. ಜೆಸೆಷನ್‌ಐಡಿ ಅಂತ ಬರೆದು ಮುಂದೆ ಉದ್ದ ನಂಬರ್ ಇದ್ರೆ, ಅಷ್ಟನ್ನ ಅಳಿಸಿ ಕಳಿಸಿ. ನೀವು ಹಂಚ್ತಿರೋದು ಲಿಂಕ್ ಅಲ್ಲ, ನಿಮ್ಮ ಟೋಕನ್.

ಇನ್ನು ಸರ್ವರ್ ಕೈಯಲ್ಲಿರೋ ಸ್ನೇಹಿತರೇ, ಮುಂದಿನ ಸಲ ರಾತ್ರಿ ಹನ್ನೊಂದೂವರೆಗೆ ರೀಸ್ಟಾರ್ಟ್ ಕೊಡೋ ಮುಂಚೆ ಅರ್ಜಿಗೆ ಕೊನೇ ದಿನ ಯಾವತ್ತು ಅಂತ ಒಂದ್ಸಲ ಕೇಳ್ಕೊಳ್ಳಿ. ಆ ಕಡೆ ಯಾರೋ ನಾಲ್ಕನೇ ಪುಟದಲ್ಲಿರ್ತಾರೆ.

ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ.